ಎಂಟನೇ ಸೆಮಿಸ್ಟರಿನ ಗೆಳೆಯರಿಗೆ, ಅವರ ಮೇಷ್ಟ್ರುಗಳಿಗೆ

ದಕ್ಷಿಣ ಬೆಂಗಳೂರಿನ ಪದವಿ ಕಾಲೇಜುಗಳಲ್ಲಿ ನಾಲ್ಕನೇ ವರ್ಷದ ಆನರ್ಸ್ ಓದುತ್ತಿರುವ ವಿದ್ಯಾರ್ಥಿಗಳೇ, ಅವರಿಗೆ ಗೈಡ್ ಆಗಿ ನಿಂತಿರುವ ಅಧ್ಯಾಪಕ ಮಿತ್ರರೇ,

ನಾನು ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಮನೆ ಬನಶಂಕರಿ ಎರಡನೇ ಹಂತದಲ್ಲಿ. ಪ್ರಾಜೆಕ್ಟ್ ವೈವಾ ಬಂದಾಗ ಎಕ್ಸ್‌ಟರ್ನಲ್ ಆಗಿ ಈಗಲೂ ಕರೆಯುತ್ತಾರೆ, ಹೋಗುತ್ತೇನೆ. ಜಯನಗರ, ಜೆ.ಪಿ. ನಗರ, ಬಸವನಗುಡಿ ಸುತ್ತಮುತ್ತ ಹೀಗೆ ಹೋಗಿ ಬರುವಾಗ ನಿಮ್ಮನ್ನು ನೋಡಿದ್ದೇನೆ, ನಿಮ್ಮೊಡನೆ ಕೂತು ಮಾತಾಡಿದ್ದೇನೆ. ಆ ಮಾತುಗಳಲ್ಲಿ ಅರ್ಧಕ್ಕೆ ನಿಂತದ್ದನ್ನು ಇಲ್ಲಿ ಪೂರ್ತಿ ಹೇಳಬೇಕೆನಿಸಿದೆ.

ನೀವು ಎಂಥ ಹೊತ್ತಿನಲ್ಲಿ ಈ ಕೋರ್ಸಿಗೆ ಬಂದಿರಿ ಎನ್ನುವುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. 2021ರ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ತಂದಿತು. ದೇಶದಲ್ಲೇ ಮೊದಲು ನಾವೇ ಎಂದು ಹೇಳಿಕೊಂಡಿತು. ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್. ಆ ವರ್ಷ ಸೇರಿದ ಮಕ್ಕಳು ಕೋವಿಡ್ ಕಾರಣಕ್ಕೆ ಎರಡನೇ ಪಿಯುಸಿ ಪರೀಕ್ಷೆಯನ್ನೇ ಬರೆಯದೆ ಬಂದವರು. ಅವರು ಮೂರನೇ ವರ್ಷ ಮುಗಿಸುವ ಹೊತ್ತಿಗೆ, 2024ರ ಮೇನಲ್ಲಿ, ಸುಖದೇವ್ ಥೋರಟ್ ಅವರ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಅನುಸರಿಸಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. 2024-25ರಿಂದ ಸೇರುವವರಿಗೆ ನಾಲ್ಕನೇ ವರ್ಷವಿಲ್ಲ. 2021, 2022, 2023ರಲ್ಲಿ ಸೇರಿದವರು ಮಾತ್ರ ಬೇಕಿದ್ದರೆ ಆನರ್ಸ್ ಮುಗಿಸಬಹುದು. ಅಂದರೆ ನಮ್ಮ ಸಾಮಾನ್ಯ ಕಾಲೇಜುಗಳಲ್ಲಿ ಈ ಬಾಗಿಲು ಮೂರೇ ತಂಡಕ್ಕೆ ತೆರೆದಿತ್ತು.

ಆ ನಿರ್ಧಾರ ಸರಿಯೋ ತಪ್ಪೋ ಎಂದು ವಾದಿಸಲು ಈ ಕಾಗದ ಬರೆಯುತ್ತಿಲ್ಲ. ಬಡ ಮನೆಯ ಹುಡುಗಿಗೆ ಡಿಗ್ರಿಯ ಮೇಲೆ ಇನ್ನೊಂದು ವರ್ಷ ಎಂದರೆ ಸಂಬಳವಿಲ್ಲದ ಇನ್ನೊಂದು ವರ್ಷ; ಅದು ಹೊರೆ ಎಂದವರ ಮಾತಿನಲ್ಲಿ ತಿರುಳಿತ್ತು. ದೆಹಲಿ ವಿಶ್ವವಿದ್ಯಾಲಯ ಕೂಡ 2013ರಲ್ಲಿ ನಾಲ್ಕು ವರ್ಷದ ಪದವಿ ತಂದು, ಮರುವರ್ಷವೇ ಕೈಬಿಟ್ಟು, 2022ರಲ್ಲಿ ಮತ್ತೆ ತಂದಿತು. ಆದೇಶಗಳು ಬರುತ್ತವೆ, ಹೋಗುತ್ತವೆ. ನನ್ನ ಚಿಂತೆ ಬೇರೆ. ಆ ನಾಲ್ಕನೇ ವರ್ಷದಲ್ಲಿ ಅಲ್ಲಲ್ಲಿ, ಯಾರ ಗಮನಕ್ಕೂ ಬಾರದೆ, ಬಹಳ ಬೆಲೆಬಾಳುವ ಕೆಲಸವೊಂದು ನಡೆಯಿತು. ಕೋರ್ಸ್ ಮುಚ್ಚುವಾಗ ಅದೂ ಜೊತೆಗೆ ಮುಚ್ಚಿಹೋಗಬಾರದು.

ಅದೇನು ಎಂದು ಒಂದು ವೈವಾದ ಮೂಲಕ ಹೇಳುತ್ತೇನೆ. ಕಾಲೇಜಿನ ಹೆಸರು ಬೇಡ, ಹುಡುಗಿಯ ಹೆಸರೂ ಬೇಡ. ಮೂರನೇ ವರ್ಷ ಮುಗಿದಾಗ ತರಗತಿಯ ಹೆಚ್ಚಿನವರು ಡಿಗ್ರಿ ತೆಗೆದುಕೊಂಡು ಬಿ.ಟಿ.ಎಂ. ಕಡೆಯ, ಬನ್ನೇರುಘಟ್ಟ ರಸ್ತೆಯ ಆಫೀಸುಗಳಿಗೆ ಸೇರಿಕೊಂಡಿದ್ದರು. ಉಳಿದವರು ಒಂದು ಬೆಂಚಿಗೆ ಸಾಕಾಗುವಷ್ಟು ಮಂದಿ. ಅವರ ತರಗತಿಗೆ ಕೋಣೆಯೇ ನಿಗದಿಯಾಗಿರಲಿಲ್ಲ. ಸ್ಟಾಫ್ ರೂಮಿನ ಪಕ್ಕದ ಸಣ್ಣ ಕೋಣೆಯಲ್ಲಿ ಕೂರುತ್ತಿದ್ದರಂತೆ. ಈ ಹುಡುಗಿಯ ಪ್ರಾಜೆಕ್ಟು ಜಯನಗರ 4ನೇ ಬ್ಲಾಕಿನ ಫುಟ್‌ಪಾತ್ ವ್ಯಾಪಾರಿಗಳ ಸಾಲದ ಬಗ್ಗೆ.

ವರದಿ ನನ್ನ ಕೈಗೆ ಬಂತು. ಸ್ಪೈರಲ್ ಬೈಂಡಿಂಗ್, ಬಣ್ಣದ ಮುಖಪುಟ. ಮೊದಲ ಅಧ್ಯಾಯ ಪೀಠಿಕೆ, ಎರಡನೆಯದು ಸಾಹಿತ್ಯ ಸಮೀಕ್ಷೆ, ಮೂರನೆಯದು ವಿಧಾನ, ನಾಲ್ಕನೆಯದರಲ್ಲಿ ಪೈ ಚಾರ್ಟುಗಳು: ವಯಸ್ಸುವಾರು, ಲಿಂಗವಾರು, ವಿದ್ಯಾಭ್ಯಾಸವಾರು. ಇಂಥ ವರದಿಗಳನ್ನು ಎಷ್ಟೋ ನೋಡಿದ್ದೇನೆ. ಮುಖಪುಟ ಬದಲಿಸಿದರೆ ಯಾವ ವಿಷಯಕ್ಕಾದರೂ ಹೊಂದುತ್ತವೆ. ಪುಟ ತಿರುವುತ್ತಿದ್ದಾಗ ಅವಳ ಮಡಿಲಲ್ಲಿದ್ದ ಉದ್ದನೆಯ ನೋಟುಬುಕ್ಕು ಕಣ್ಣಿಗೆ ಬಿತ್ತು. ಏನಮ್ಮ ಅದು ಎಂದೆ. ಫೀಲ್ಡ್ ನೋಟ್ಸ್ ಮ್ಯಾಮ್ ಎಂದಳು. ಕೊಡು ನೋಡೋಣ ಎಂದೆ.

ಆ ನೋಟುಬುಕ್ಕಿನಲ್ಲಿ ಹೂ ಮಾರುವ ಹೆಂಗಸೊಬ್ಬಳ ಲೆಕ್ಕವಿತ್ತು. ಐದು ಸಾವಿರ ಸಾಲ. ಕೈಗೆ ಬರುವುದು ನಾಲ್ಕೂವರೆ ಸಾವಿರ, ಐನೂರು ಮೊದಲೇ ಮುರಿದುಕೊಳ್ಳುತ್ತಾರೆ. ದಿನಕ್ಕೆ ನೂರು ರೂಪಾಯಿಯಂತೆ ಐವತ್ತು ದಿನ ಕಟ್ಟಬೇಕು. ಹುಡುಗಿ ಮೊದಲು ಹಾಕಿದ ಲೆಕ್ಕ: ನಾಲ್ಕೂವರೆ ಸಾವಿರಕ್ಕೆ ಐನೂರು ಬಡ್ಡಿ, ಅಂದರೆ ಶೇಕಡಾ 11. ಆ ಸಾಲಿನ ಮೇಲೆ ಅಡ್ಡಗೆರೆ ಎಳೆದಿತ್ತು. ಪಕ್ಕದಲ್ಲಿ ಬೇರೆ ಕೈಬರಹದಲ್ಲಿ, ಕೆಂಪು ಪೆನ್ನಿನಲ್ಲಿ ಒಂದು ಪ್ರಶ್ನೆ: ಐವತ್ತು ದಿನವೂ ಪೂರ್ತಿ 4,500 ಅವಳ ಹತ್ತಿರ ಇತ್ತಾ? ಅದು ಅವಳ ಗೈಡ್ ಬರೆದದ್ದು. ಅದರ ಕೆಳಗೆ ಎರಡು ಪುಟ ತುಂಬ ಹುಡುಗಿ ಹೊಸದಾಗಿ ಲೆಕ್ಕ ಹಾಕಿದ್ದಳು. ಮೊದಲ ದಿನದಿಂದಲೇ ಅಸಲು ಕರಗುತ್ತ ಹೋಗುತ್ತದೆ, ಸರಾಸರಿ ನೋಡಿದರೆ ಅವಳ ಕೈಯಲ್ಲಿ ಉಳಿಯುವುದು ಅರ್ಧ ಮಾತ್ರ, ಇರುವುದೂ ಐವತ್ತೇ ದಿನ. ವರ್ಷಕ್ಕೆ ಇಷ್ಟು ಎಂದು ಲೆಕ್ಕ ಮಾಡಿದರೆ ಬಡ್ಡಿ ಶೇಕಡಾ 150 ದಾಟುತ್ತದೆ. ಕೊನೆಯ ಸಂಖ್ಯೆಯ ಸುತ್ತ ಅವಳು ಮತ್ತೆ ಮತ್ತೆ ಪೆನ್ನು ಸುತ್ತಿಸಿದ್ದಳು, ಕಾಗದ ಹರಿಯುವಂತೆ.

ಇನ್ನೂ ಇತ್ತು. ಸ್ವನಿಧಿ ಯೋಜನೆಯಲ್ಲಿ ಬೀದಿ ವ್ಯಾಪಾರಿಗಳಿಗೆ ಮೊದಲ ಕಂತಿಗೆ ಹತ್ತು ಸಾವಿರ ಸಾಲ ಸಿಗುತ್ತಿತ್ತು, 2020ರಿಂದ. ಬಡ್ಡಿಯಲ್ಲಿ ಸಹಾಯಧನವೂ ಇತ್ತು. ಅದಕ್ಕೂ ಮುಂಚೆ 2018ರಲ್ಲಿ ನಮ್ಮ ರಾಜ್ಯದಲ್ಲೇ ಬಡವರ ಬಂಧು ಎಂಬ ಬಡ್ಡಿಯಿಲ್ಲದ ಸಾಲದ ಯೋಜನೆ ಬಂದಿತ್ತು. ಹೀಗಿದ್ದೂ ಆ ಹೂವಿನವಳು ದಿನದ ಸಾಲಕ್ಕೆ ಯಾಕೆ ಕೈಚಾಚುತ್ತಾಳೆ? ಹುಡುಗಿ ಕೇಳಿದ್ದಾಳೆ, ಬರೆದುಕೊಂಡಿದ್ದಾಳೆ, ಹೂವಿನವಳದೇ ಮಾತಿನಲ್ಲಿ. ಬ್ಯಾಂಕಿಗೆ ಹೋದರೆ ಹೂವಿನ ಪುಟ್ಟಿ ನೋಡಿಕೊಳ್ಳುವವರು ಯಾರು. ಸಾಲ ಕೊಟ್ಟವನು ಪುಟ್ಟಿಯ ಹತ್ತಿರಕ್ಕೇ ಬಂದು ನೂರು ಇಸಕೊಂಡು ಹೋಗುತ್ತಾನೆ. ತಿಂಗಳ ಕೊನೆಗೆ ಒಟ್ಟಿಗೆ ಕಟ್ಟು ಎಂದರೆ ಅಷ್ಟು ದುಡ್ಡು ಮನೆಯಲ್ಲಿ ನಿಲ್ಲುವುದಿಲ್ಲ. ನಾನು ಆಗ ಪಿಗ್ಮಿ ಗೊತ್ತೇನಮ್ಮ ಎಂದು ಕೇಳಿದೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಬಾಗಿಲಿಗೆ ಏಜೆಂಟರನ್ನು ಕಳಿಸಿ ದಿನದ ಚಿಲ್ಲರೆಯನ್ನು ಠೇವಣಿಯಾಗಿ ಕೂಡಿಸಿದ ಕಥೆ ಹೇಳಿದೆ. ಅವಳ ಗೈಡೂ ಕುರ್ಚಿ ಎಳೆದುಕೊಂಡು ಕೂತರು. ಒಬ್ಬೊಬ್ಬರಿಗೆ ಹತ್ತು ನಿಮಿಷ ಎಂದಿದ್ದ ವೈವಾ ಎಲ್ಲಿಗೋ ಹೋಯಿತು. ಮುಂದಿನ ಹುಡುಗರು ಬಾಗಿಲಲ್ಲಿ ಇಣುಕಿ ನೋಡುತ್ತಿದ್ದರು.

ಇದನ್ನೆಲ್ಲ ವರದಿಯಲ್ಲಿ ಯಾಕೆ ಹಾಕಲಿಲ್ಲ ಎಂದು ಕೇಳಿದೆ. ಫಾರ್ಮ್ಯಾಟಿನಲ್ಲಿ ಜಾಗವಿಲ್ಲ ಎಂದರು. ಸಂದರ್ಶನಗಳೆಲ್ಲ ಕನ್ನಡದಲ್ಲೂ ತಮಿಳಿನಲ್ಲೂ ನಡೆದಿವೆ, ವರದಿ ಇಂಗ್ಲಿಷಿನಲ್ಲಿರಬೇಕು. ಐದು ಅಧ್ಯಾಯ ಇರಲೇಬೇಕು, ಪೈ ಚಾರ್ಟ್ ಇರಲೇಬೇಕು.

ಗೆಳೆಯರೇ, ಆ ಕೆಂಪು ಪೆನ್ನಿನ ಪ್ರಶ್ನೆ, ಅದರ ಕೆಳಗಿನ ಎರಡು ಪುಟ, ಇವೇ ಆನರ್ಸ್. ಅದಕ್ಕೆ ಬೇಕಾದದ್ದು ಒಬ್ಬ ಮೇಷ್ಟ್ರು, ಒಬ್ಬ ವಿದ್ಯಾರ್ಥಿ, ಇಬ್ಬರೂ ಕೂತು ಒಂದೇ ಲೆಕ್ಕವನ್ನು ಮತ್ತೆ ಮತ್ತೆ ನೋಡುವಷ್ಟು ಬಿಡುವು. ಆ ಬಿಡುವು ಎಲ್ಲಿಂದ ಬರಬೇಕು ಎನ್ನುವುದೇ ಕಷ್ಟದ ಮಾತು. ಆ ಗೈಡ್ ಅತಿಥಿ ಉಪನ್ಯಾಸಕರು. ಬೆಳಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು. ಪ್ರಾಜೆಕ್ಟ್ ನೋಡುವ ಸಮಯ ಅವರ ವರ್ಕ್‌ಲೋಡಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ವರ್ಷ ತಾವು ಅಲ್ಲಿರುತ್ತೇವೋ ಇಲ್ಲವೋ ಎನ್ನುವುದು ಅವರಿಗೇ ತಿಳಿಯದು. ಆದರೂ ನೋಟುಬುಕ್ಕು ತರಿಸಿಕೊಂಡು, ಬಹುಶಃ ಬಸ್ಸಿನಲ್ಲೇ ಓದಿ, ಆ ಪ್ರಶ್ನೆ ಬರೆದಿದ್ದರು. ರಾಜ್ಯದ ಪದವಿ ಶಿಕ್ಷಣದ ದೊಡ್ಡ ಭಾಗ ಇಂಥವರ ಹೆಗಲ ಮೇಲೆ ನಿಂತಿದೆ. ಕೆ-ಸೆಟ್, ನೆಟ್ ಪಾಸಾಗಿ, ಕೆಲವರು ಪಿಎಚ್.ಡಿ.ಯನ್ನೂ ಮುಗಿಸಿ, ವರ್ಷವರ್ಷವೂ ಕೌನ್ಸೆಲಿಂಗಿಗೆ ಕಾಯುವವರು ಅವರು. ಆನರ್ಸ್ ಸೋತಿತು ಎಂದು ಯಾರಾದರೂ ಬರೆದರೆ, ಅದನ್ನು ಖಾಯಂ ಮೇಷ್ಟ್ರುಗಳಿಲ್ಲದೆ ನಡೆಸಲು ಹೊರಟಿದ್ದೆವು ಎನ್ನುವುದನ್ನೂ ಜೊತೆಗೆ ಬರೆಯಲಿ.

ಮೇಷ್ಟ್ರು, ವಿದ್ಯಾರ್ಥಿ ಹೀಗೆ ಬಿಡುವು ಮಾಡಿಕೊಂಡು ಜೊತೆಗೆ ಕೂರುವುದು ಈ ಬಡಾವಣೆಗಳಿಗೆ ಹೊಸದೇನಲ್ಲ ಎನ್ನುವುದನ್ನು ನಿಮಗೆ ನೆನಪಿಸಬೇಕು. ನಿಮ್ಮಲ್ಲಿ ಹಲವರು ದಿನಾ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಮುಂದೆ, ಇಲ್ಲವೇ ಜಯನಗರದ ನ್ಯಾಷನಲ್ ಕಾಲೇಜಿನ ಮುಂದೆ ಓಡಾಡುತ್ತೀರಿ. ಎಚ್. ನರಸಿಂಹಯ್ಯನವರ ಹೆಸರು ಕೇಳಿರುತ್ತೀರಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದ ಹುಡುಗ, 1935ರಲ್ಲಿ ಹೈಸ್ಕೂಲಿಗೆ ಸೇರಲು ಊರಿಂದ ಬೆಂಗಳೂರಿಗೆ ನಡೆದೇ ಬಂದವರು. ಅವರು ಓದಿದ್ದು ಆನರ್ಸ್, ಸೆಂಟ್ರಲ್ ಕಾಲೇಜಿನಲ್ಲಿ, ಭೌತಶಾಸ್ತ್ರ. ಓದುತ್ತಿರುವಾಗಲೇ 1942ರ ಚಳವಳಿ ಬಂತು. ಕಾಲೇಜು ಬಿಟ್ಟರು, ಜೈಲಿಗೆ ಹೋದರು, ಹೊರಬಂದ ಮೇಲೆ ಮರಳಿ ಅದೇ ಓದಿಗೆ ಕೂತು ಮುಗಿಸಿದರು. 1946ರಲ್ಲಿ ನ್ಯಾಷನಲ್ ಕಾಲೇಜಿಗೆ ಅಧ್ಯಾಪಕರಾಗಿ ಸೇರಿದರು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದ ಪಿಎಚ್.ಡಿ. ಮುಗಿಸಿ ಅದೇ ಕಾಲೇಜಿಗೆ ಹಿಂತಿರುಗಿದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಬದುಕಿನ ಬಹುಭಾಗ ಅವರ ಮನೆ ಎಂದರೆ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆ.

ಆ ಕೋಣೆಯನ್ನು ತ್ಯಾಗದ ಕಥೆಯಾಗಿ ಹೇಳುವುದು ನಮಗೆ ರೂಢಿ. ನನಗೆ ಅದರಲ್ಲಿ ಕಾಣುವುದು ಬೇರೆಯೇ. ವಿದ್ಯಾರ್ಥಿ ಯಾವ ಹೊತ್ತಿನಲ್ಲಿ ಬಾಗಿಲು ತಟ್ಟಿದರೂ ಸಿಗುವ ಮೇಷ್ಟ್ರು. ಟೈಮ್‌ಟೇಬಲ್ಲಿನ ಹೊರಗಿನ ಸಮಯ. ಅದೇ ಮನುಷ್ಯ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಾರಕ್ಕೊಂದು ಸಂಜೆ, ಬುಧವಾರ, ನ್ಯಾಷನಲ್ ಕಾಲೇಜಿನಲ್ಲಿ ಉಪನ್ಯಾಸ. ಯಾರು ಬೇಕಾದರೂ ಬರಬಹುದು: ಬಿ.ಎಸ್ಸಿ. ಹುಡುಗ, ಪಿಂಚಣಿದಾರ, ಗಾಂಧಿ ಬಜಾರಿಗೆ ತರಕಾರಿಗೆಂದು ಬಂದವರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೇ ಬಂದು ಮಾತಾಡುವರು, ಕೇಳಿದ ಪ್ರಶ್ನೆಗೆ ನಿಂತು ಉತ್ತರಿಸುವರು. ಅಟೆಂಡೆನ್ಸ್ ಇಲ್ಲ, ಕ್ರೆಡಿಟ್ ಇಲ್ಲ, ಇಂಟರ್ನಲ್ಸ್ ಇಲ್ಲ. ಜುಲೈ ಬಂತೆಂದರೆ ವಿಜ್ಞಾನ ಉತ್ಸವ. ಈ ಭಾಗದಲ್ಲಿ ಬೆಳೆದ ಎಷ್ಟೋ ಮಂದಿ ತಾವು ವಿಜ್ಞಾನ ಹಿಡಿದದ್ದಕ್ಕೆ ಆ ಸಂಜೆಗಳೇ ಕಾರಣ ಎನ್ನುತ್ತಾರೆ.

ಅದೇ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಡಿ.ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿ, ಅಧ್ಯಯನ ಗೋಷ್ಠಿ ನಡೆಸಿದರು. ಮೆಟ್ರಿಕ್ಯುಲೇಷನ್ ಪಾಸಾಗದ ಮನುಷ್ಯ ಪದವೀಧರರನ್ನು ಕೂರಿಸಿಕೊಂಡು ಗ್ರಂಥಗಳನ್ನು ಸಾಲುಸಾಲಾಗಿ ಓದಿಸಿದರು. ಇನ್ನೂ ಹಿಂದಕ್ಕೆ ಹೋದರೆ 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ಪ್ರಬುದ್ಧ ಕರ್ನಾಟಕ ಹೊರತಂದರು. ಮೈಸೂರು ವಿಶ್ವವಿದ್ಯಾಲಯ ಶುರುವಾಗಿ ಆಗ ಮೂರೇ ವರ್ಷ. ಕಾಲೇಜೊಂದರ ಸಂಘ ತಂದ ಪತ್ರಿಕೆ ಕನ್ನಡದ ದೊಡ್ಡ ವಿದ್ವತ್ ಪತ್ರಿಕೆಯಾಗಿ ಬೆಳೆಯಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಆನರ್ಸ್ ಓದಿದವರಲ್ಲಿ ಎ.ಕೆ. ರಾಮಾನುಜನ್, ಜಿ.ಎಸ್. ಶಿವರುದ್ರಪ್ಪ ಇದ್ದಾರೆ. ನಿಮ್ಮ ಅಂಕಪಟ್ಟಿಯ ಮೇಲಿನ ಆ ಒಂದು ಪದಕ್ಕೆ ನಮ್ಮ ನಾಡಿನಲ್ಲಿ ಇಷ್ಟು ಉದ್ದದ ವಂಶಾವಳಿಯಿದೆ.

ಈಗ ಹಣದ ಮಾತು, ಅದನ್ನು ಮುಚ್ಚಿಡಬಾರದು. ಸಾಮಾನ್ಯ ಕಾಲೇಜುಗಳಲ್ಲಿ ನಾಲ್ಕನೇ ವರ್ಷ ಹೋಯಿತು. ಇದೇ ದಕ್ಷಿಣ ಬೆಂಗಳೂರಿನ ಡೀಮ್ಡ್, ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಆನರ್ಸ್ ನಡೆದೇ ಇದೆ. ಯುಜಿಸಿ ನಿಯಮದಂತೆ ಅಲ್ಲಿ ಶೇಕಡಾ 75 ಅಂಕ ತೆಗೆದವರು ನಾಲ್ಕನೇ ವರ್ಷ ಸಂಶೋಧನೆ ಮಾಡಿ, ನೇರ ಪಿಎಚ್.ಡಿ.ಗೂ ಅರ್ಹರಾಗಬಹುದು. ಶುಲ್ಕ ಕಟ್ಟಬಲ್ಲ ಮನೆಯ ಮಗುವಿಗೆ ಗೈಡ್ ಸಿಗುತ್ತಾರೆ, ಪ್ರಯೋಗಾಲಯ ಸಿಗುತ್ತದೆ, ಒಂದು ವರ್ಷದ ಬಿಡುವು ಸಿಗುತ್ತದೆ. ಹೂವಿನವಳ ಲೆಕ್ಕ ಬಿಡಿಸಿದ ಹುಡುಗಿಯ ತಂಗಿಗೆ ಸಿಗುವುದಿಲ್ಲ. ಇದು ನನ್ನನ್ನು ತುಂಬ ಕಾಡುತ್ತದೆ. ಶುಲ್ಕವಿಲ್ಲದೆ ಇದು ಆಗುವುದೇ ಇಲ್ಲ ಎನ್ನುವವರು ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ನೋಡಿ ಬರಬೇಕು. ಅಲ್ಲಿ ಗಣಿತದಲ್ಲಿ ಆನರ್ಸ್ ಪದವಿಯಿದೆ. ಪ್ರವೇಶ ಪರೀಕ್ಷೆ ಬಲು ಕಷ್ಟ. ಆದರೆ ಒಳಗೆ ಹೋದವರಿಗೆ ಬೋಧನಾ ಶುಲ್ಕವಿಲ್ಲ, ಬದಲಿಗೆ ಸ್ಟೈಪೆಂಡ್ ಕೊಟ್ಟು ಓದಿಸುವ ಪದ್ಧತಿ. ಸರ್ಕಾರ ಮನಸ್ಸು ಮಾಡಿದ ಕಡೆ ಆಗಿದೆ. ಪದವಿ ಕಾಲೇಜುಗಳ ವಿಷಯದಲ್ಲಿ ಆ ಮನಸ್ಸು ಇನ್ನೂ ಬಂದಿಲ್ಲ.

ಬರುವವರೆಗೆ ನಾವೇನು ಮಾಡಬಹುದು? ಅಧ್ಯಾಪಕ ಮಿತ್ರರೇ, ಮೊದಲು ನಿಮ್ಮನ್ನು ಕೇಳುತ್ತೇನೆ. ನಿಮ್ಮ ದುಡಿತ ನನಗೆ ಗೊತ್ತಿದೆ. ನ್ಯಾಕ್ ಫೈಲು, ಯುಯುಸಿಎಂಎಸ್‌ನಲ್ಲಿ ಅಂಕ ತುಂಬುವ ಕೆಲಸ, ಅದರ ಸರ್ವರ್ ಕೈಕೊಟ್ಟ ರಾತ್ರಿಗಳು. ಹೊಸ ಹೊರೆ ಹೊರಿಸಲು ಮನಸ್ಸಿಲ್ಲ. ಆದರೂ ಮೂರು ವರ್ಷದ ಪದವಿಯೊಳಗೇ, ಐದನೇ ಸೆಮಿಸ್ಟರಿನಿಂದ, ಆಸಕ್ತಿಯಿರುವ ನಾಲ್ಕೈದು ಮಕ್ಕಳನ್ನು ವಾರಕ್ಕೊಂದು ಗಂಟೆ ಕೂರಿಸಿಕೊಳ್ಳಿ. ಒಂದು ವರ್ಷ, ಒಂದೇ ಪ್ರಶ್ನೆ. ಪೋಸ್ಟರ್, ಬ್ಯಾನರ್, ಉದ್ಘಾಟನೆ ಯಾವುದೂ ಬೇಡ. ಅವರು ಹೊರಗೆ ಹೋಗಿ ನೋಡಿ, ಕೇಳಿ, ಬರೆದು ತರಲಿ. ನೀವು ಕೆಂಪು ಪೆನ್ನು ಹಿಡಿಯಿರಿ. ಜೆ.ಪಿ. ನಗರದಲ್ಲೇ ಸಾರಕ್ಕಿ ಕೆರೆಯಿದೆ, ಅದರ ನೀರು ಪರೀಕ್ಷಿಸಲು ರಸಾಯನಶಾಸ್ತ್ರದ ಮಕ್ಕಳಿದ್ದಾರೆ. ಬನಶಂಕರಿ ಗುಡಿಯ ಸಂತೆಯಿದೆ. ಜಯನಗರದಲ್ಲಿ ಎನ್.ಎಂ.ಕೆ.ಆರ್.ವಿ. ಕಾಲೇಜಿನಲ್ಲಿ ಚಿ.ನ. ಮಂಗಳಾ ಅವರು ಕಟ್ಟಿದ ಶಾಶ್ವತಿ ವಸ್ತುಸಂಗ್ರಹಾಲಯವಿದೆ. ಹೆಂಗಸರು ಬಳಸಿದ ವಸ್ತುಗಳನ್ನು ಮುಂದಿಟ್ಟುಕೊಂಡು ಚರಿತ್ರೆ ಬರೆಯಬೇಕೆನ್ನುವ ಹುಡುಗಿಗೆ ಅಲ್ಲೇ ವರ್ಷದ ಕೆಲಸ ಕಾದಿದೆ.

ಪ್ರಾಂಶುಪಾಲರಲ್ಲಿ, ಅಧ್ಯಯನ ಮಂಡಳಿಗಳಲ್ಲಿರುವವರಲ್ಲಿ ಬೇಡುವುದು ಇಷ್ಟೇ: ಆ ಒಂದು ಗಂಟೆಯನ್ನು ವರ್ಕ್‌ಲೋಡಿಗೆ ಸೇರಿಸಿ, ಅತಿಥಿ ಉಪನ್ಯಾಸಕರಿಗೂ ಸೇರಿಸಿ. ವರದಿಯ ಜೊತೆ ಫೀಲ್ಡ್ ನೋಟುಬುಕ್ಕನ್ನೂ ಮೌಲ್ಯಮಾಪನಕ್ಕೆ ತರಿಸಿ, ಅದಕ್ಕೂ ಅಂಕ ಕೊಡಿ. ಮಾತಾಡಿಸಿದ ಜನರ ಮಾತನ್ನು ಕನ್ನಡದಲ್ಲೇ ಬರೆಯಲು ಬಿಡಿ. ವೈವಾ ಮುಗಿದ ಮೇಲೆ ವರದಿಗಳನ್ನು ಬೀರುವಿನ ಮೇಲೆ ಕಟ್ಟು ಕಟ್ಟಿ ಎಸೆಯದೆ ಲೈಬ್ರರಿಗೆ ಕೊಟ್ಟು, ಮುಂದಿನ ತಂಡ ಅಲ್ಲಿಂದ ಮುಂದುವರಿಯುವಂತೆ ಮಾಡಿ.

ವಿದ್ಯಾರ್ಥಿಗಳೇ, ನಿಮಗೆ ಹೇಳುವುದು ಸ್ವಲ್ಪವೇ ಇದೆ. ಜೊತೆಯವರೆಲ್ಲ ಸಂಬಳ ಎಣಿಸುವಾಗ ನೀವು ಇನ್ನೂ ಐಡಿ ಕಾರ್ಡ್ ತಗುಲಿಸಿಕೊಂಡು ಬಸ್ ಪಾಸಿಗೆ ನಿಲ್ಲುತ್ತಿದ್ದೀರಿ. ಮನೆಯಲ್ಲಿ ಕೇಳುತ್ತಾರೆ, ನೆಂಟರು ಕೇಳುತ್ತಾರೆ, ಈ ವರ್ಷದಿಂದ ಏನು ಸಿಗುತ್ತದೆ ಎಂದು. ಉತ್ತರ ಕೊಡಲು ಅವಸರ ಬೇಡ. ಆದರೆ ಕೆಲಸ ನಿಮ್ಮದೇ ಆಗಿರಲಿ. ನಲವತ್ತು ಪುಟ ಎತ್ತಿ ಹಾಕಿ, ಸಾಮ್ಯತೆಯ ಶೇಕಡಾ ಕಡಿಮೆ ಬರಲೆಂದು ಪದಗಳನ್ನು ತಿರುಚುತ್ತ ಕೂತರೆ ಈ ವರ್ಷ ನಿಜಕ್ಕೂ ವ್ಯರ್ಥ. ನಾಲ್ಕು ಪುಟವಿರಲಿ, ನೀವೇ ಕಂಡದ್ದು, ನೀವೇ ಲೆಕ್ಕ ಹಾಕಿದ್ದು. ಗೈಡ್ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಮುಂದಿನ ವಾರ ಹುಡುಕಿ ತರುತ್ತೇನೆ ಎನ್ನಿ, ತನ್ನಿ. ನಿಮ್ಮ ಹಿಂದೆ ಬರುವ ಮೂರು ವರ್ಷದ ಡಿಗ್ರಿಯ ತಮ್ಮ ತಂಗಿಯರನ್ನು ಜೊತೆಗೆ ಕೂರಿಸಿಕೊಳ್ಳಿ. ಅವರಿಗೆ ಎಂಟನೇ ಸೆಮಿಸ್ಟರ್ ಇರುವುದಿಲ್ಲ, ನೀವು ಕೆಲಸ ಮಾಡುವ ರೀತಿಯನ್ನಾದರೂ ನೋಡಿರಲಿ.

ಆ ಹುಡುಗಿಯ ವರದಿಗೆ ಅವಳ ನೋಟುಬುಕ್ಕಿನ ಎರಡು ಪುಟಗಳನ್ನು ಅನುಬಂಧವಾಗಿ ಸೇರಿಸುವಂತೆ ಆ ದಿನ ಕೇಳಿಕೊಂಡೆ. ವಿಭಾಗದ ಮುಖ್ಯಸ್ಥರು ಒಪ್ಪಿದರು. ನಿಮ್ಮ ಕಾಲೇಜಿನಲ್ಲೂ ಅಂಥ ನೋಟುಬುಕ್ಕುಗಳಿದ್ದರೆ, ಕೂತು ಓದಲು ಇನ್ನೊಬ್ಬರು ಬೇಕೆನಿಸಿದರೆ, ನಾನೂ ನನ್ನಂಥ ಕೆಲವು ನಿವೃತ್ತರೂ ಬಿಡುವಾಗಿದ್ದೇವೆ. ಗೌರವಧನ ಬೇಡ, ಶಾಲು ಹಾರ ಬೇಡ. ಒಂದು ಕೋಣೆ ಕೊಡಿ, ಸಂಜೆ ನಾಲ್ಕರ ನಂತರ ಯಾವ ದಿನವಾದರೂ ಸರಿ.

ಇಂತಿ ನಿಮ್ಮ,
ನಿವೃತ್ತ ಅರ್ಥಶಾಸ್ತ್ರ ಅಧ್ಯಾಪಕಿ
ಬನಶಂಕರಿ 2ನೇ ಹಂತ, ಬೆಂಗಳೂರು